ಚಿಲಿ ಕಾನ್ ಕಾರ್ನೆ

ಚಿಲಿ ಕಾನ್ ಕಾರ್ನೆ ಎಂಬುದು ದನದ ಮಾಂಸ, ಒಣಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ ಹಾಗೂ ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಹಲವು ಗಂಟೆಗಳ ಕಾಲ ಬೇಯಿಸಿ ತಯಾರಿಸುವ, ಗೊಜ್ಜಿನಂತೆ ಮಂದವಾಗಿರುವ ಒಂದು ಮಾಂಸಾಹಾರಿ ಖಾದ್ಯ. ಇದು ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಸ್ ರಾಜ್ಯದ, ಅದರಲ್ಲಿಯೂ ಸ್ಯಾನ್ ಆಂಟೋನಿಯೊ ನಗರದ ಮೆಕ್ಸಿಕನ್ ಮೂಲದ ಸಮುದಾಯದ ಅಡುಗೆಯಿಂದ ಪ್ರಸಿದ್ಧಿಗೆ ಬಂದಿತು. ಅಮೆರಿಕದಲ್ಲಿ ಇದನ್ನು ಸಾಮಾನ್ಯವಾಗಿ 'ಚಿಲಿ' ಎಂದಷ್ಟೇ ಕರೆಯುತ್ತಾರೆ. 1977ರಲ್ಲಿ ಟೆಕ್ಸಸ್ ಶಾಸನಸಭೆಯು ಇದನ್ನು ರಾಜ್ಯದ ಅಧಿಕೃತ ಖಾದ್ಯವೆಂದು ಘೋಷಿಸಿತು. ಈ ಖಾದ್ಯದಲ್ಲಿ ಕಾಳುಗಳನ್ನು ಬಳಸಬೇಕೇ ಬೇಡವೇ ಎಂಬುದು ಅಮೆರಿಕದ ಪಾಕಲೋಕದ ಬಗೆಹರಿಯದ ವಿವಾದಗಳಲ್ಲಿ ಒಂದಾಗಿದೆ.

## ಹೆಸರು

'ಚಿಲಿ ಕಾನ್ ಕಾರ್ನೆ' ಎಂಬ ಸ್ಪ್ಯಾನಿಷ್ ಪದಪುಂಜಕ್ಕೆ 'ಮಾಂಸದೊಡನೆ ಮೆಣಸಿನಕಾಯಿ' ಎಂದು ಅರ್ಥ. ಹೆಸರಿನಲ್ಲಿ ಮೆಣಸಿನಕಾಯಿಯೇ ಮೊದಲು ಬರುವುದು ಗಮನಾರ್ಹ; ಮೆಣಸಿನಕಾಯಿಯನ್ನು ಇಲ್ಲಿ ಖಾರಕ್ಕಾಗಿ ಸೇರಿಸುವ ಉಪಪದಾರ್ಥವೆಂದಲ್ಲದೆ ಖಾದ್ಯದ ಒಡಲೆಂದೇ ಪರಿಗಣಿಸಲಾಗುತ್ತದೆ. 'ಚಿಲಿ' ಎಂಬ ಪದವು ಮಧ್ಯ ಮೆಕ್ಸಿಕೊದ ಮೂಲನಿವಾಸಿಗಳ ನಾವಾಟಲ್ ಭಾಷೆಯಿಂದ ಸ್ಪ್ಯಾನಿಷ್ ಭಾಷೆಗೆ ಬಂದಿದೆ. ದಕ್ಷಿಣ ಅಮೆರಿಕದ ಚಿಲಿ ದೇಶದ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ.

## ಇತಿಹಾಸ

ಮಾಂಸವನ್ನು ಮೆಣಸಿನಕಾಯಿಯೊಂದಿಗೆ ಬೇಯಿಸುವ ರೂಢಿಯು ಮೆಕ್ಸಿಕೊ ಹಾಗೂ ಅದರ ಉತ್ತರದ ಗಡಿನಾಡಿನಲ್ಲಿ ಬಹಳ ಹಿಂದಿನಿಂದಲೂ ಇತ್ತು. ಟೆಕ್ಸಸ್‌ನ ಚಿಲಿಯ ಬಗ್ಗೆ ಬರೆಯುವವರು ಹೆಚ್ಚಾಗಿ ಉಲ್ಲೇಖಿಸುವ ಆರಂಭಿಕ ವರ್ಣನೆಯು 1828ರದು. ಆ ವರ್ಷ ಸ್ಯಾನ್ ಆಂಟೋನಿಯೊಗೆ ಭೇಟಿ ನೀಡಿದ್ದ ಜೆ. ಸಿ. ಕ್ಲಾಪರ್ ಎಂಬವನು, ಅಲ್ಲಿನ ಬಡ ಕುಟುಂಬಗಳು ಅಲ್ಪ ಮಾಂಸವನ್ನು ಸಣ್ಣಗೆ ಕತ್ತರಿಸಿ, ತುಂಡುಗಳಷ್ಟೇ ಸಂಖ್ಯೆಯ ಮೆಣಸಿನಕಾಯಿಗಳೊಂದಿಗೆ ಬೇಯಿಸುತ್ತಿದ್ದುದನ್ನು ದಾಖಲಿಸಿದ್ದಾನೆ. ಸ್ಯಾನ್ ಆಂಟೋನಿಯೊದಲ್ಲಿ 1731ರಲ್ಲಿ ನೆಲೆಸಿದ ಕ್ಯಾನರಿ ದ್ವೀಪಗಳ ವಲಸಿಗರಿಂದ ಜೀರಿಗೆಯ ಧಾರಾಳ ಬಳಕೆ ಬಂದಿತೆಂಬ ಅಭಿಪ್ರಾಯವೂ ಪ್ರಚಲಿತವಾಗಿದೆ.

### ಚಿಲಿ ರಾಣಿಯರು

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಯಾನ್ ಆಂಟೋನಿಯೊದ ಮಿಲಿಟರಿ ಚೌಕದಲ್ಲಿ ಮೆಕ್ಸಿಕನ್ ಮೂಲದ ಮಹಿಳೆಯರು ಸಂಜೆಯಾಗುತ್ತಲೇ ಮೇಜುಗಳನ್ನು ಹಾಕಿ, ದೀಪ ಹಚ್ಚಿ, ಮನೆಯಲ್ಲಿ ಬೇಯಿಸಿ ತಂದ ಚಿಲಿಯನ್ನು ಸೌದೆಯ ಒಲೆಯ ಮೇಲೆ ಬಿಸಿಯಾಗಿಟ್ಟು ಮಾರುತ್ತಿದ್ದರು. ಇವರಿಗೆ 'ಚಿಲಿ ರಾಣಿಯರು' ಎಂಬ ಹೆಸರು ಬಂದಿತು. ದನಗಾಹಿಗಳು, ಸೈನಿಕರು, ವ್ಯಾಪಾರಿಗಳು ಹಾಗೂ ಪ್ರವಾಸಿಗರು ಒಂದೇ ಮೇಜಿನ ಸುತ್ತ ಕುಳಿತು ಉಣ್ಣುತ್ತಿದ್ದ ಈ ಚೌಕವು ನಗರದ ಆಕರ್ಷಣೆಗಳಲ್ಲಿ ಒಂದಾಯಿತು. 1880ರ ದಶಕದ ಕೊನೆಯಲ್ಲಿ ಅದೇ ಚೌಕದಲ್ಲಿ ನಗರಸಭೆಯ ಕಟ್ಟಡದ ಕೆಲಸ ಆರಂಭವಾದಾಗ ರಾಣಿಯರು ಬೇರೆ ಚೌಕಗಳಿಗೆ ತೆರಳಬೇಕಾಯಿತು. 1893ರಲ್ಲಿ ಶಿಕಾಗೊದಲ್ಲಿ ನಡೆದ ವಿಶ್ವ ವಸ್ತುಪ್ರದರ್ಶನದಲ್ಲಿ 'ಸ್ಯಾನ್ ಆಂಟೋನಿಯೊ ಚಿಲಿ ಮಳಿಗೆ' ಇದ್ದಿತು. ಟೆಕ್ಸಸ್‌ನ ಹೊರಗಿನವರಿಗೆ ಈ ಖಾದ್ಯ ಪರಿಚಯವಾಗಲು ಇದು ನೆರವಾಯಿತು.

1930ರ ದಶಕದಲ್ಲಿ ನಗರದ ಆರೋಗ್ಯ ಇಲಾಖೆಯು ತೆರೆದ ಸ್ಥಳದಲ್ಲಿ ಆಹಾರ ಮಾರುವವರ ಮೇಲೆ ಬಿಗಿಯಾದ ನೈರ್ಮಲ್ಯ ನಿಯಮಗಳನ್ನು ಹೇರಿತು. ಪಾತ್ರೆ ತೊಳೆಯುವ ವ್ಯವಸ್ಥೆ, ನೊಣಗಳನ್ನು ತಡೆಯುವ ಪರದೆ ಮೊದಲಾದವನ್ನು ಒದಗಿಸಲಾಗದ ಮಹಿಳೆಯರು ವ್ಯಾಪಾರ ಕಳೆದುಕೊಂಡರು. 1939ರಲ್ಲಿ ಮೇಯರ್ ಮೌರಿ ಮ್ಯಾವೆರಿಕ್ ಅವರು ಪರದೆ ಕಟ್ಟಿದ ಡೇರೆಗಳಲ್ಲಿ ಮಾರಾಟಕ್ಕೆ ಅವಕಾಶ ಕಲ್ಪಿಸಿದರೂ ಅದು ಹೆಚ್ಚು ಕಾಲ ಬಾಳಲಿಲ್ಲ. 1940ರ ದಶಕದ ಆರಂಭದ ವೇಳೆಗೆ ಚಿಲಿ ರಾಣಿಯರ ಪರಂಪರೆ ಕೊನೆಗೊಂಡಿತು. ಖಾದ್ಯವು ದೇಶದಾದ್ಯಂತ ಹರಡಿ, ಡಬ್ಬಿಯಲ್ಲಿ ತುಂಬಿ ಮಾರಾಟವಾಗುತ್ತಿದ್ದ ಕಾಲದಲ್ಲಿಯೇ ಅದನ್ನು ಪ್ರಸಿದ್ಧಿಗೆ ತಂದ ಮಹಿಳೆಯರು ಬೀದಿಯಿಂದ ಮರೆಯಾದರು. ಅವರಲ್ಲಿ ಹೆಚ್ಚಿನವರ ಹೆಸರುಗಳು ಇತಿಹಾಸದಲ್ಲಿ ಉಳಿದಿಲ್ಲ.

### ಚಿಲಿ ಪುಡಿ ಮತ್ತು ಸ್ಪರ್ಧೆಗಳು

ಟೆಕ್ಸಸ್‌ನ ನ್ಯೂ ಬ್ರೌನ್‌ಫೆಲ್ಸ್‌ನಲ್ಲಿ ನೆಲೆಸಿದ್ದ ಜರ್ಮನ್ ವಲಸಿಗ ವಿಲಿಯಂ ಗೆಬ್‌ಹಾರ್ಟ್, 1890ರ ದಶಕದಲ್ಲಿ ಒಣಮೆಣಸಿನಕಾಯಿಯೊಂದಿಗೆ ಜೀರಿಗೆ ಹಾಗೂ ಇತರ ಮಸಾಲೆಗಳನ್ನು ಬೆರೆಸಿ ಪುಡಿ ಮಾಡಿ ಮಾರಲು ಆರಂಭಿಸಿದನು. ಇದರಿಂದಾಗಿ ಮೆಣಸಿನಕಾಯಿ ಬೆಳೆಯದ ಪ್ರದೇಶಗಳಲ್ಲಿಯೂ ವರ್ಷವಿಡೀ ಚಿಲಿ ಮಾಡುವುದು ಸಾಧ್ಯವಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ 'ಚಿಲಿ ಪಾರ್ಲರ್' ಎಂಬ ಸಣ್ಣ ಉಪಾಹಾರಗೃಹಗಳು ಅನೇಕ ನಗರಗಳಲ್ಲಿ ತಲೆಯೆತ್ತಿದವು. 1930ರ ದಶಕದ ಆರ್ಥಿಕ ಮಹಾಕುಸಿತದ ದಿನಗಳಲ್ಲಿ ಅಗ್ಗದ ದರಕ್ಕೆ ಹೊಟ್ಟೆ ತುಂಬಿಸುವ ಆಹಾರವಾಗಿ ಚಿಲಿ ಬಹುಜನರಿಗೆ ಆಸರೆಯಾಯಿತು.

1967ರಲ್ಲಿ ಟೆಕ್ಸಸ್‌ನ ಟೆರ್ಲಿಂಗ್ವಾ ಎಂಬ ನಿರ್ಜನಪ್ರಾಯ ಗಣಿ ಊರಿನಲ್ಲಿ ಪತ್ರಕರ್ತ ವಿಕ್ ಫೌಲರ್ ಮತ್ತು ಹಾಸ್ಯ ಲೇಖಕ ಎಚ್. ಅಲೆನ್ ಸ್ಮಿತ್ ಅವರ ನಡುವೆ ಚಿಲಿ ತಯಾರಿಕೆಯ ಸ್ಪರ್ಧೆ ನಡೆಯಿತು. ಚಿಲಿಯ ವಿಷಯದಲ್ಲಿ ತನಗಿಂತ ಬಲ್ಲವರಿಲ್ಲವೆಂದು ಸ್ಮಿತ್ ಬರೆದ ಲೇಖನವೇ ಇದಕ್ಕೆ ಪ್ರಚೋದನೆಯಾಗಿತ್ತು. ಮೂರನೆಯ ತೀರ್ಪುಗಾರನು ನಾಲಗೆಯ ರುಚಿಯೇ ಹೋಯಿತೆಂದು ಹೇಳಿ ತೀರ್ಪು ನೀಡದ ಕಾರಣ ಸ್ಪರ್ಧೆ ಸಮಸಮವಾಗಿ ಮುಗಿಯಿತು. ಅಂದಿನಿಂದ ಟೆರ್ಲಿಂಗ್ವಾದ ವಾರ್ಷಿಕ ಸ್ಪರ್ಧೆಗಳು ಪ್ರಸಿದ್ಧವಾಗಿವೆ.

## ಮುಖ್ಯ ಪದಾರ್ಥಗಳು

### ಮಾಂಸ

ನಿಧಾನವಾಗಿ ಬೇಯಿಸುವ ಚಿಲಿಗೆ ಪ್ರಾಣಿಯು ಹೆಚ್ಚು ಚಲನೆಗೆ ಬಳಸುವ ಭಾಗಗಳ ಮಾಂಸ ಸೂಕ್ತ. ಭುಜದ ಭಾಗ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದೆ. ಕಾಲಿನ ಕೆಳಭಾಗದ ಮಾಂಸವನ್ನೂ ಬಳಸಬಹುದು. ಈ ಭಾಗಗಳಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನಿಂದಾದ ಸಂಯೋಜಕ ಅಂಗಾಂಶ ಹೇರಳವಾಗಿರುತ್ತದೆ. ಬೆನ್ನಿನ ಮೃದು ಮಾಂಸವು ಬೆಲೆಯಲ್ಲಿ ಹೆಚ್ಚಾದರೂ ಈ ಅಡುಗೆಗೆ ಒಗ್ಗುವುದಿಲ್ಲ. ದೀರ್ಘ ಬೇಯುವಿಕೆಯಿಂದ ಅದು ಒಣಗಿ ನಾರುನಾರಾಗುತ್ತದೆ. ಕೊಚ್ಚಿದ ಮಾಂಸದಿಂದ ಮಾಡುವ ಚಿಲಿ ಬೇಗ ಸಿದ್ಧವಾಗುತ್ತದೆಯಾದರೂ ಟೆಕ್ಸಸ್ ಶೈಲಿಯಲ್ಲಿ ತುಂಡು ಮಾಂಸಕ್ಕೇ ಪ್ರಾಶಸ್ತ್ಯ.

### ಮೆಣಸಿನಕಾಯಿ

ಚಿಲಿಯ ಬಣ್ಣ, ಪರಿಮಳ ಹಾಗೂ ಮಂದತೆ ಮೂರೂ ಬಹುಪಾಲು ಒಣಮೆಣಸಿನಕಾಯಿಯಿಂದಲೇ ಬರುತ್ತವೆ. ಸಾಮಾನ್ಯವಾಗಿ ಬಳಸುವ ಬಗೆಗಳು ಹೀಗಿವೆ:

- ಆಂಚೊ: ಹಣ್ಣಾದ ಪೊಬ್ಲಾನೊ ಮೆಣಸಿನಕಾಯಿಯನ್ನು ಒಣಗಿಸಿದ ರೂಪ. ಅಗಲವಾದ, ಕಡುಗೆಂಪು ಬಣ್ಣದ ಕಾಯಿ. ಒಣದ್ರಾಕ್ಷಿಯನ್ನು ನೆನಪಿಸುವ ಸಿಹಿ ವಾಸನೆ, ಬಹಳ ಕಡಿಮೆ ಖಾರ.
- ಗ್ವಾಹಿಯೊ: ನಯವಾದ ಸಿಪ್ಪೆಯ, ಉದ್ದನೆಯ ಕಾಯಿ. ತುಸು ಹುಳಿ ಛಾಯೆ, ಸಾಧಾರಣ ಖಾರ, ಒಳ್ಳೆಯ ಕೆಂಪು ಬಣ್ಣ.
- ಪಸಿಯಾ: ಕಪ್ಪುಮಿಶ್ರಿತ ಕಂದು ಬಣ್ಣದ ಕಾಯಿ. ಗಾಢವಾದ ರುಚಿ, ಕಡಿಮೆ ಖಾರ.
- ಆರ್ಬೊಲ್: ಚಿಕ್ಕದಾದ, ತೀಕ್ಷ್ಣ ಖಾರದ ಕಾಯಿ. ಖಾರ ಹೆಚ್ಚಿಸಲು ಒಂದೆರಡನ್ನು ಮಾತ್ರ ಸೇರಿಸುತ್ತಾರೆ.

ಇವೆಲ್ಲವೂ ಭಾರತದಲ್ಲಿ ವ್ಯಾಪಕವಾಗಿ ಬೆಳೆಯುವ ಮೆಣಸಿನಕಾಯಿಯ ಪ್ರಭೇದವಾದ 'ಕ್ಯಾಪ್ಸಿಕಮ್ ಆನ್ಯುವಮ್'ಗೇ ಸೇರಿದವು. ಅಮೆರಿಕ ಖಂಡದ ಈ ಬೆಳೆಯನ್ನು ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಭಾರತಕ್ಕೆ ತಂದರು. ಮೆಕ್ಸಿಕನ್ ತಳಿಗಳು ದೊರೆಯದಿದ್ದಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರನ್ನು ಪಡೆದ, 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಗಳಿಸಿದ ಬ್ಯಾಡಗಿ ಮೆಣಸಿನಕಾಯಿಯನ್ನು ಬಳಸಬಹುದು. ಕಡಿಮೆ ಖಾರ ಹಾಗೂ ಗಾಢ ಕೆಂಪು ಬಣ್ಣ ಅದರ ವಿಶೇಷತೆ. ಆದರೆ ಆಂಚೊದ ಸಿಹಿ ವಾಸನೆ ಮತ್ತು ದಪ್ಪನೆಯ ತಿರುಳು ಅದರಲ್ಲಿಲ್ಲ.

ಅಮೆರಿಕದ ಪಾಕವಿಧಾನಗಳಲ್ಲಿ ಬರುವ 'ಚಿಲಿ ಪುಡಿ'ಯು ಭಾರತೀಯ ಅಡುಗೆಮನೆಯ ಖಾರದ ಪುಡಿಯಲ್ಲ ಎಂಬುದನ್ನು ಗಮನಿಸಬೇಕು. ಅದು ಸೌಮ್ಯ ಮೆಣಸಿನಕಾಯಿ, ಜೀರಿಗೆ, ಓರೆಗಾನೊ, ಬೆಳ್ಳುಳ್ಳಿ ಮೊದಲಾದವುಗಳ ಮಿಶ್ರಣ. ಅಲ್ಲಿ ಹೇಳಿದ ಅಳತೆಯಲ್ಲಿಯೇ ಗುಂಟೂರಿನಂತಹ ಖಾರದ ತಳಿಯ ಪುಡಿಯನ್ನು ಹಾಕಿದರೆ ಖಾದ್ಯವು ಬಾಯಿಗಿಡಲಾರದಷ್ಟು ಖಾರವಾಗುತ್ತದೆ.

### ಇತರ ಪದಾರ್ಥಗಳು

ಜೀರಿಗೆ, ಬೆಳ್ಳುಳ್ಳಿ, ಈರುಳ್ಳಿ ಹಾಗೂ ಮೆಕ್ಸಿಕನ್ ಓರೆಗಾನೊ ಮುಖ್ಯವಾದವು. ರಸವನ್ನು ಮಂದಗೊಳಿಸಲು ಮಾಸಾ ಹಿಟ್ಟನ್ನು ಬಳಸುತ್ತಾರೆ. ಇದು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರುಬ್ಬಿ, ಒಣಗಿಸಿ ಮಾಡಿದ ಹಿಟ್ಟು. ಇದಿಲ್ಲದಿದ್ದರೆ ಸಾಮಾನ್ಯ ಮೆಕ್ಕೆಜೋಳದ ಹಿಟ್ಟು ಸಾಕಾಗುತ್ತದೆ. ಟೊಮೇಟೊ ಅನೇಕ ಪಾಕವಿಧಾನಗಳಲ್ಲಿ ಕಂಡುಬಂದರೂ ಸಾಂಪ್ರದಾಯಿಕ ಟೆಕ್ಸಸ್ ಶೈಲಿಯಲ್ಲಿ ಅದನ್ನು ಬಿಡುವವರೇ ಹೆಚ್ಚು.

## ತಯಾರಿಸುವ ವಿಧಾನ

ಸುಮಾರು ಆರು ಜನರಿಗೆ ಸಾಕಾಗುವ ಟೆಕ್ಸಸ್ ಶೈಲಿಯ ಚಿಲಿಗೆ ಬೇಕಾಗುವ ಸಾಮಗ್ರಿಗಳು:

- ದನದ ಭುಜದ ಮಾಂಸ – 1 ಕಿಲೋಗ್ರಾಂ
- ಆಂಚೊ ಮೆಣಸಿನಕಾಯಿ – 4
- ಗ್ವಾಹಿಯೊ ಮೆಣಸಿನಕಾಯಿ – 4
- ಆರ್ಬೊಲ್ ಮೆಣಸಿನಕಾಯಿ – 1 ಅಥವಾ 2 (ಬೇಕಿದ್ದರೆ)
- ಈರುಳ್ಳಿ – 2, ಮಧ್ಯಮ ಗಾತ್ರದವು
- ಬೆಳ್ಳುಳ್ಳಿ – 6 ಎಸಳು
- ಜೀರಿಗೆ – 2 ಚಿಕ್ಕ ಚಮಚ
- ಒಣ ಓರೆಗಾನೊ – 1 ಚಿಕ್ಕ ಚಮಚ
- ಕೊಬ್ಬು ಅಥವಾ ಎಣ್ಣೆ – 3 ದೊಡ್ಡ ಚಮಚ
- ಮೂಳೆ ಬೇಯಿಸಿದ ರಸ ಅಥವಾ ನೀರು – 750 ಮಿಲಿಲೀಟರ್
- ಮಾಸಾ ಹಿಟ್ಟು – 2 ದೊಡ್ಡ ಚಮಚ
- ವಿನೆಗರ್ – 1 ದೊಡ್ಡ ಚಮಚ
- ಕಂದು ಸಕ್ಕರೆ ಅಥವಾ ಬೆಲ್ಲದ ಪುಡಿ – 1 ಚಿಕ್ಕ ಚಮಚ
- ಉಪ್ಪು – ರುಚಿಗೆ ತಕ್ಕಷ್ಟು

1. ಮೆಣಸಿನಕಾಯಿಯ ಸಿದ್ಧತೆ: ಕಾಯಿಗಳ ತೊಟ್ಟು ಮುರಿದು ಬೀಜಗಳನ್ನು ಉದುರಿಸಬೇಕು. ಒಣ ಬಾಣಲೆಯಲ್ಲಿ ಮಧ್ಯಮ ಉರಿಯ ಮೇಲೆ ಪ್ರತಿಯೊಂದು ಮಗ್ಗುಲನ್ನೂ ಸುಮಾರು ಅರ್ಧ ನಿಮಿಷ, ಘಮ ಬರುವವರೆಗೆ ಬೆಚ್ಚಗೆ ಮಾಡಬೇಕು. ಕಪ್ಪಾಗಿ ಘಾಟು ಏಳುವಷ್ಟು ಹುರಿದರೆ ಖಾದ್ಯವೆಲ್ಲ ಕಹಿಯಾಗುತ್ತದೆ. ಹಾಗೆ ಸೀದ ಕಾಯಿಯನ್ನು ಬಿಸಾಡುವುದೇ ಲೇಸು. ನಂತರ ಕಾಯಿಗಳನ್ನು ಬಿಸಿನೀರಿನಲ್ಲಿ 20ರಿಂದ 30 ನಿಮಿಷ ನೆನೆಸಿ, ಅಗತ್ಯವಿದ್ದಷ್ಟೇ ನೀರು ಸೇರಿಸಿ ನುಣ್ಣಗೆ ರುಬ್ಬಬೇಕು. ನೆನೆಸಿದ ನೀರು ಕಹಿಯಾಗಿದ್ದರೆ ಅದನ್ನು ಚೆಲ್ಲಿ ಬೇರೆ ನೀರನ್ನು ಬಳಸಬೇಕು.

2. ಮಾಂಸವನ್ನು ಕೆಂಪಗೆ ಹುರಿಯುವುದು: ಮಾಂಸವನ್ನು ಸುಮಾರು 3 ಸೆಂಟಿಮೀಟರ್ ಗಾತ್ರದ ತುಂಡುಗಳಾಗಿ ಕತ್ತರಿಸಿ, ತೇವವನ್ನು ಒರೆಸಿ, ಉಪ್ಪು ಸವರಬೇಕು. ದಪ್ಪ ತಳದ ಪಾತ್ರೆಯಲ್ಲಿ ಕೊಬ್ಬನ್ನು ಚೆನ್ನಾಗಿ ಕಾಯಿಸಿ, ತುಂಡುಗಳನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಗಾಢ ಕಂದುಬಣ್ಣ ಬರುವಂತೆ ಹುರಿದು ತೆಗೆಯಬೇಕು. ಎಲ್ಲವನ್ನೂ ಒಮ್ಮೆಲೇ ಸುರಿದರೆ ಪಾತ್ರೆಯ ಕಾವು ಇಳಿದು, ಮಾಂಸವು ತನ್ನದೇ ನೀರಿನಲ್ಲಿ ಬೇಯಲಾರಂಭಿಸುತ್ತದೆ, ಬಣ್ಣ ಬರುವುದಿಲ್ಲ.

3. ಒಗ್ಗರಣೆ: ಅದೇ ಪಾತ್ರೆಯಲ್ಲಿ ಹೆಚ್ಚಿದ ಈರುಳ್ಳಿಯನ್ನು ಬಾಡಿಸಿ, ಜಜ್ಜಿದ ಬೆಳ್ಳುಳ್ಳಿ, ಹುರಿದು ಕುಟ್ಟಿದ ಜೀರಿಗೆ ಹಾಗೂ ಓರೆಗಾನೊ ಸೇರಿಸಬೇಕು. ರುಬ್ಬಿದ ಮೆಣಸಿನಕಾಯಿಯನ್ನು ಹಾಕಿ, ತಳ ಹಿಡಿಯದಂತೆ ಕೈಯಾಡಿಸುತ್ತ ಐದು ನಿಮಿಷ ಹುರಿಯಬೇಕು. ತಳಕ್ಕೆ ಅಂಟಿದ ಕಂದುಬಣ್ಣದ ಚೂರುಗಳನ್ನು ಸ್ವಲ್ಪ ರಸ ಹಾಕಿ ಕೆರೆದು ಬಿಡಿಸಬೇಕು. ರುಚಿಯ ದೊಡ್ಡ ಪಾಲು ಅದರಲ್ಲಿರುತ್ತದೆ.

4. ನಿಧಾನ ಬೇಯುವಿಕೆ: ಮಾಂಸವನ್ನು ಮರಳಿ ಹಾಕಿ, ಉಳಿದ ರಸವನ್ನು ಸುರಿದು, ಒಂದು ಕುದಿ ಬಂದೊಡನೆ ಉರಿಯನ್ನು ತೀರ ಸಣ್ಣದಾಗಿಸಬೇಕು. ಮೇಲ್ಮೈಯಲ್ಲಿ ಆಗೊಂದು ಈಗೊಂದು ಗುಳ್ಳೆ ಏಳುವಷ್ಟು ಕಾವು ಸಾಕು. ಮುಚ್ಚಳವನ್ನು ತುಸು ಓರೆಯಾಗಿಟ್ಟು, ಆಗಾಗ ತಿರುವುತ್ತ ಎರಡೂವರೆಯಿಂದ ಮೂರು ಗಂಟೆ ಬೇಯಿಸಬೇಕು. ರಸ ತೀರ ಬತ್ತಿದರೆ ಬಿಸಿನೀರು ಸೇರಿಸಬಹುದು.

5. ಹದಗೊಳಿಸುವುದು: ಮಾಂಸವು ಚಮಚದಿಂದ ಒತ್ತಿದಾಗ ಬಿಡಿಸಿಕೊಳ್ಳುವಂತಾದ ಮೇಲೆ, ಮಾಸಾ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ ಹಾಕಿ ಹತ್ತು ಹದಿನೈದು ನಿಮಿಷ ಕುದಿಸಬೇಕು. ಕೊನೆಯಲ್ಲಿ ವಿನೆಗರ್, ಸಕ್ಕರೆ ಸೇರಿಸಿ ಉಪ್ಪನ್ನು ಸರಿಪಡಿಸಬೇಕು. ರಸ ಬತ್ತಿದಂತೆ ಉಪ್ಪಿನ ಸಾಂದ್ರತೆ ಹೆಚ್ಚುವುದರಿಂದ ಆರಂಭದಲ್ಲಿಯೇ ಪೂರ್ತಿ ಉಪ್ಪನ್ನು ಹಾಕಬಾರದು.

ಮಾಡಿದ ದಿನಕ್ಕಿಂತ ಮರುದಿನ ಚಿಲಿಯ ರುಚಿ ಹೆಚ್ಚು ಎಂಬುದು ಅಡುಗೆ ಮಾಡುವವರ ಸಾಮಾನ್ಯ ಅನುಭವ. ಒಂದು ರಾತ್ರಿ ಶೀತಕದಲ್ಲಿಟ್ಟರೆ ಮೇಲೆ ಹೆಪ್ಪುಗಟ್ಟುವ ಕೊಬ್ಬನ್ನು ಸುಲಭವಾಗಿ ತೆಗೆಯಲೂಬಹುದು.

ವಿದ್ಯುತ್ ಸ್ಲೋ ಕುಕ್ಕರ್‌ನಲ್ಲಿ ಕಡಿಮೆ ಕಾವಿನಲ್ಲಿ ಏಳೆಂಟು ಗಂಟೆ ಬೇಯಿಸುವ ರೂಢಿಯೂ ಇದೆ. ಅಲ್ಲಿ ಆವಿ ಹೊರಹೋಗದ ಕಾರಣ ರಸವನ್ನು ಕಡಿಮೆ ಹಾಕಬೇಕು. ಮಾಂಸವನ್ನು ಮೊದಲೇ ಬೇರೆ ಪಾತ್ರೆಯಲ್ಲಿ ಹುರಿದುಕೊಳ್ಳಬೇಕು. ಪ್ರೆಷರ್ ಕುಕ್ಕರ್‌ನಲ್ಲಿ ಸುಮಾರು 40 ನಿಮಿಷಗಳಲ್ಲಿ ಮಾಂಸ ಮೆತ್ತಗಾಗುತ್ತದೆ. ಬಳಿಕ ಮುಚ್ಚಳ ತೆಗೆದು ರಸವನ್ನು ಬತ್ತಿಸಬೇಕಾಗುತ್ತದೆ.

## ನಿಧಾನ ಬೇಯುವಿಕೆಯ ವಿಜ್ಞಾನ

ಮಾಂಸ ಕೆಂಪಗಾಗುವಾಗ ಪ್ರೋಟೀನುಗಳ ಅಮೈನೊ ಆಮ್ಲಗಳು ಮತ್ತು ಕೆಲವು ಬಗೆಯ ಸಕ್ಕರೆಗಳ ನಡುವೆ ನಡೆಯುವ ಕ್ರಿಯೆಗೆ ಮೈಲಾರ್ಡ್ ಕ್ರಿಯೆ ಎಂದು ಹೆಸರು. ಇದು ಸುಮಾರು 140 ಡಿಗ್ರಿ ಸೆಲ್ಸಿಯಸ್ ಮೇಲ್ಪಟ್ಟ ಕಾವಿನಲ್ಲಿ ವೇಗವಾಗಿ ನಡೆಯುತ್ತದೆ. ನೀರಿರುವ ಪಾತ್ರೆಯ ಉಷ್ಣತೆ 100 ಡಿಗ್ರಿಯನ್ನು ಮೀರದ ಕಾರಣ, ಹುರಿಯದೆ ನೇರವಾಗಿ ಬೇಯಿಸಿದ ಮಾಂಸಕ್ಕೆ ಆ ರುಚಿ ಅಷ್ಟಾಗಿ ಬರುವುದಿಲ್ಲ.

ಬೇಯಲಾರಂಭಿಸಿದ ಮೇಲೆ ಎರಡು ಬದಲಾವಣೆಗಳು ಬೇರೆ ಬೇರೆ ವೇಗದಲ್ಲಿ ಸಾಗುತ್ತವೆ. ಉಷ್ಣತೆಯು 60 ಡಿಗ್ರಿ ದಾಟುತ್ತಿದ್ದಂತೆ ಸ್ನಾಯುವಿನ ನಾರುಗಳು ಕುಗ್ಗಿ ನೀರನ್ನು ಹಿಂಡಿಹಾಕುತ್ತವೆ, ಮಾಂಸ ಗಟ್ಟಿಯಾಗುತ್ತದೆ. ಕೊಲಾಜೆನ್ ಜೆಲಟಿನ್ ಆಗಿ ಕರಗುವುದಾದರೋ ಸುಮಾರು 70 ಡಿಗ್ರಿಯ ಮೇಲೆ ಗಂಟೆಗಟ್ಟಲೆ ನಡೆಯುವ ಕೆಲಸ. ಆದ್ದರಿಂದಲೇ ಒಂದು ಗಂಟೆ ಬೇಯಿಸಿದ ಮಾಂಸವು ರಬ್ಬರಿನಂತಿದ್ದು, ಮೂರು ಗಂಟೆಯ ನಂತರ ಅದೇ ಮಾಂಸ ಮೃದುವಾಗಿರುತ್ತದೆ. ಮಧ್ಯದಲ್ಲಿ ಮಾಂಸ ಗಟ್ಟಿಯಾಗಿದೆಯೆಂದು ಉರಿ ಹೆಚ್ಚಿಸುವುದು ಸಾಮಾನ್ಯ ತಪ್ಪು. ಜೋರಾದ ಕುದಿತದಿಂದ ನಾರುಗಳು ಇನ್ನಷ್ಟು ಒಣಗುತ್ತವೆ. ಕರಗಿದ ಜೆಲಟಿನ್ ರಸಕ್ಕೆ ಮಂದತೆಯನ್ನೂ ಹೊಳಪನ್ನೂ ಕೊಡುತ್ತದೆ.

ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ರುಬ್ಬಿದ ಮೆಣಸಿನಕಾಯಿಯನ್ನು ಕೊಬ್ಬಿನಲ್ಲಿ ಹುರಿಯುವುದರಿಂದ ಬಣ್ಣ ಮತ್ತು ಖಾರ ಇಡೀ ಖಾದ್ಯಕ್ಕೆ ಸಮನಾಗಿ ಹರಡುತ್ತವೆ. ಬಡಿಸುವಾಗ ಚೀಸ್ ಅಥವಾ ಹುಳಿ ಕೆನೆಯನ್ನು ಮೇಲೆ ಹಾಕುವುದರಿಂದ ಬಾಯುರಿ ತಗ್ಗುವುದಕ್ಕೂ ಅವುಗಳಲ್ಲಿರುವ ಕೊಬ್ಬು ಹಾಗೂ ಹಾಲಿನ ಪ್ರೋಟೀನೇ ಕಾರಣ.

## ಕಾಳುಗಳ ವಿವಾದ

ಟೆಕ್ಸಸ್‌ನ ಸಂಪ್ರದಾಯವಾದಿಗಳ ಪ್ರಕಾರ ಕಾಳು ಹಾಕಿದ ಖಾದ್ಯ ಚಿಲಿಯೇ ಅಲ್ಲ. ಟೆರ್ಲಿಂಗ್ವಾದಲ್ಲಿ ಸ್ಪರ್ಧೆ ನಡೆಸುವ ಅಂತರರಾಷ್ಟ್ರೀಯ ಚಿಲಿ ಅಭಿಮಾನಿಗಳ ಸಂಘವು ಕಾಳು, ಅನ್ನ, ಪಾಸ್ತಾ ಮೊದಲಾದವನ್ನು ಸ್ಪರ್ಧೆಯ ಚಿಲಿಯಲ್ಲಿ ನಿಷೇಧಿಸಿದೆ. ಟೆಕ್ಸಸ್‌ನ ಹೊರಗೆ ಮಾತ್ರ ಕೆಂಪು ರಾಜ್ಮಾ ಅಥವಾ ಪಿಂಟೋ ಕಾಳು ಸೇರಿಸಿದ ಚಿಲಿಯೇ ಹೆಚ್ಚು ಪರಿಚಿತ. ಮಾಂಸ ದುಬಾರಿಯಾದಾಗ ಕಾಳು ಹಾಕಿ ಅಡುಗೆಯನ್ನು ಹೆಚ್ಚು ಜನರಿಗೆ ಸಾಲುವಂತೆ ಮಾಡುವುದು ಬಡವರ ಮನೆಗಳಲ್ಲಿ ಸಹಜವಾದ ಉಪಾಯವಾಗಿತ್ತು.

ರುಚಿಯ ವಾದ ಏನೇ ಇರಲಿ, ಕಾಳು ಬಳಸುವವರು ಸುರಕ್ಷತೆಯ ಒಂದು ಅಂಶವನ್ನು ತಿಳಿದಿರಲೇಬೇಕು. ಹಸಿ ರಾಜ್ಮಾದಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನ್ ಇರುತ್ತದೆ. ಸರಿಯಾಗಿ ಬೇಯದ ಕೆಲವೇ ಕಾಳುಗಳು ತೀವ್ರ ವಾಂತಿ ಹಾಗೂ ಭೇದಿಯನ್ನು ಉಂಟುಮಾಡಬಲ್ಲವು. ಸ್ಲೋ ಕುಕ್ಕರ್‌ನ ಕಡಿಮೆ ಕಾವು ಈ ವಿಷವನ್ನು ನಾಶಪಡಿಸಲು ಸಾಲದು. ಕಾಳನ್ನು ಕನಿಷ್ಠ ಐದು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಚೆನ್ನಾಗಿ ಕುದಿಸಿದ ನಂತರವೇ ನಿಧಾನ ಬೇಯುವಿಕೆಗೆ ಹಾಕಬೇಕು. ಡಬ್ಬಿಯಲ್ಲಿ ಬರುವ ಬೆಂದ ಕಾಳುಗಳಿಗೆ ಈ ಅಪಾಯವಿಲ್ಲ. ಟೊಮೇಟೊ, ವಿನೆಗರ್‌ನಂತಹ ಹುಳಿ ಪದಾರ್ಥಗಳಿದ್ದಲ್ಲಿ ಕಾಳು ಬೇಗ ಮೆತ್ತಗಾಗುವುದಿಲ್ಲವಾದ್ದರಿಂದ ಅದನ್ನು ಪ್ರತ್ಯೇಕವಾಗಿ ಪೂರ್ತಿ ಬೇಯಿಸಿ ಕೊನೆಯಲ್ಲಿ ಸೇರಿಸುವುದು ಒಳ್ಳೆಯದು.

## ಸಂಗ್ರಹಣೆ

ದೊಡ್ಡ ಪಾತ್ರೆಯಲ್ಲಿರುವ ಮಂದವಾದ ಖಾದ್ಯವು ನಿಧಾನವಾಗಿ ಆರುವುದರಿಂದ ಅದರಲ್ಲಿ ರೋಗಕಾರಕ ಬ್ಯಾಕ್ಟೀರಿಯಾಗಳು ಬೆಳೆಯುವ ಸಾಧ್ಯತೆಯಿರುತ್ತದೆ. ಉಳಿದ ಚಿಲಿಯನ್ನು ಆಳವಿಲ್ಲದ ಪಾತ್ರೆಗಳಿಗೆ ಹಂಚಿ, ಎರಡು ಗಂಟೆಗಳ ಒಳಗೆ ಶೀತಕದಲ್ಲಿಡಬೇಕು. ಶೀತಕದಲ್ಲಿ ಮೂರು ನಾಲ್ಕು ದಿನ, ಹೆಪ್ಪುಗಟ್ಟಿಸಿದರೆ ಎರಡು ಮೂರು ತಿಂಗಳು ಇಡಬಹುದು. ಮತ್ತೆ ಬಳಸುವಾಗ ಪೂರ್ತಿಯಾಗಿ ಕುದಿ ಬರುವಂತೆ ಬಿಸಿ ಮಾಡಬೇಕು. ಮೆಣಸಿನಕಾಯಿ ಬಿಡಿಸಿದ ಕೈಯಿಂದ ಕಣ್ಣು ಮುಟ್ಟಬಾರದು. ಕೈಗವಸು ಧರಿಸುವುದು ಉತ್ತಮ.

## ಪ್ರಾದೇಶಿಕ ರೂಪಗಳು

- ಸಿನ್ಸಿನಾಟಿ ಚಿಲಿ: ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ 1920ರ ದಶಕದಲ್ಲಿ ಮ್ಯಾಸಿಡೋನಿಯಾ ಮೂಲದ ವಲಸಿಗರು ರೂಪಿಸಿದ ಬಗೆ. ಕೊಚ್ಚಿದ ಮಾಂಸಕ್ಕೆ ಚಕ್ಕೆಯಂತಹ ಮಸಾಲೆಗಳನ್ನು ಸೇರಿಸಿ, ತೆಳುವಾದ ರಸವಾಗಿ ಸ್ಪಾಗೆಟಿಯ ಮೇಲೆ ಬಡಿಸುತ್ತಾರೆ.
- ಹಸಿರು ಚಿಲಿ: ನ್ಯೂ ಮೆಕ್ಸಿಕೊ ಹಾಗೂ ಸುತ್ತಲಿನ ಪ್ರದೇಶದಲ್ಲಿ ಹಸಿರು ಮೆಣಸಿನಕಾಯಿಯಿಂದ, ಹೆಚ್ಚಾಗಿ ಹಂದಿ ಮಾಂಸದಿಂದ ಮಾಡುವ ಖಾದ್ಯ.
- ಬಿಳಿ ಚಿಲಿ: ಕೋಳಿ ಅಥವಾ ಟರ್ಕಿ ಮಾಂಸ ಮತ್ತು ಬಿಳಿ ಕಾಳುಗಳನ್ನು ಬಳಸುವ ಬಗೆ.
- ಸಸ್ಯಾಹಾರಿ ಚಿಲಿ: ಮಾಂಸದ ಬದಲು ಕಾಳು, ಮೆಕ್ಕೆಜೋಳ, ಅಣಬೆ, ತರಕಾರಿಗಳನ್ನು ಬಳಸುತ್ತಾರೆ.

ಬ್ರಿಟನ್ನಿನಲ್ಲಿ ಚಿಲಿಯನ್ನು ಸಾಮಾನ್ಯವಾಗಿ ಕೊಚ್ಚಿದ ಮಾಂಸ, ಟೊಮೇಟೊ ಹಾಗೂ ರಾಜ್ಮಾದಿಂದ ಮಾಡಿ ಅನ್ನದೊಂದಿಗೆ ಉಣ್ಣುತ್ತಾರೆ. ಅಮೆರಿಕದಲ್ಲಿ ಉಪ್ಪು ಬಿಸ್ಕತ್ತು, ಮೆಕ್ಕೆಜೋಳದ ಬ್ರೆಡ್ ಅಥವಾ ಟಾರ್ಟಿಯಾದೊಂದಿಗೆ ಸೇವಿಸುವುದು ವಾಡಿಕೆ.

## ಭಾರತದಲ್ಲಿ

ಭಾರತದ ರಾಜ್ಯಗಳಲ್ಲಿ ಜಾನುವಾರು ವಧೆಗೆ ಸಂಬಂಧಿಸಿದ ಕಾನೂನುಗಳು ಬೇರೆ ಬೇರೆಯಾಗಿವೆ. ಕರ್ನಾಟಕದಲ್ಲಿ 2021ರಲ್ಲಿ ಜಾರಿಗೆ ಬಂದ, 2020ರ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯು ಹಸು, ಕರು, ಹೋರಿ, ಎತ್ತುಗಳ ಹಾಗೂ 13 ವರ್ಷಕ್ಕಿಂತ ಕಡಿಮೆ ವಯಸ್ಸಿನ ಎಮ್ಮೆ, ಕೋಣಗಳ ವಧೆಯನ್ನು ನಿಷೇಧಿಸುತ್ತದೆ. ಈ ಕಾರಣದಿಂದಲೂ ಆಹಾರ ಪದ್ಧತಿಯ ಕಾರಣದಿಂದಲೂ ಈ ಖಾದ್ಯವನ್ನು ಕುರಿ ಅಥವಾ ಆಡಿನ ಮಾಂಸದಿಂದ ಮಾಡಿಕೊಳ್ಳಬಹುದು. ಕುರಿಯ ಭುಜ ಅಥವಾ ತೊಡೆಯ ಮಾಂಸಕ್ಕೆ ಒಂದೂವರೆಯಿಂದ ಎರಡು ಗಂಟೆಯ ನಿಧಾನ ಬೇಯುವಿಕೆ ಸಾಕು. ಬಲಿತ ಪ್ರಾಣಿಯ ಮಾಂಸವಾದರೆ ಸಮಯ ಹೆಚ್ಚು ಬೇಕಾಗುತ್ತದೆ. ಯಾವ ಮಾಂಸವೇ ಆದರೂ ಗಡಿಯಾರಕ್ಕಿಂತ ಮಾಂಸದ ಮೃದುತ್ವವನ್ನು ನೋಡಿಯೇ ಒಲೆಯಿಂದ ಇಳಿಸಬೇಕು.